ಜರಡಿ ಚೆಲ್ಲಿದ ಮಾತು

ಬನಶ್ರೀ ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ ಎಂದು ಜರಡಿ ಹೇಳಿತು. ಅವಳ ತಾಯಿ ಕಸ್ತೂರಿ ಜರಡಿಯನ್ನೇ ನಂಬಿದಳು.

ನಂಬದೆ ಏನು ಮಾಡಿಯಾಳು? ಜರಡಿಯ ಕಚೇರಿಯಲ್ಲೇ ಅವಳ ಕೆಲಸ. ಗದಗ ಸ್ಟೇಶನ್ನಿನ ಹಿಂದಿದ್ದ ಹಳೆಯ ಹತ್ತಿ ಗೋದಾಮನ್ನು ತೊಳೆದು, ಬಣ್ಣ ಬಳಿದು ಮಾಡಿದ ಕಚೇರಿ ಅದು. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಸಾಲಾಗಿ ಕೂತ ಹೆಂಗಸರು. ಒಬ್ಬೊಬ್ಬರ ಮುಂದೆ ಒಂದೊಂದು ಯಂತ್ರ. ಇಡೀ ಜಿಲ್ಲೆಯ ಶಾಲೆಗಳು ಆ ಗೋದಾಮಿನ ಮೂಲಕವೇ ಹಾದುಹೋಗುತ್ತಿದ್ದವು.

ಉಬ್ಬಸದ ಬೇನೆ ಊರೂರು ಹಬ್ಬಿದ ಮೊದಲ ವರ್ಷ ಮಕ್ಕಳಿಗೆ ಮೊಬೈಲಿನ ಪರದೆಯ ಮೇಲೆ ಪಾಠ ಹೇಳಿ ನೋಡಿದರು. ಅರ್ಧ ಮಕ್ಕಳ ಮುಖ ಕಲ್ಲಿನ ಗೊಂಬೆಯಂತೆ ನಿಂತುಬಿಡುತ್ತಿತ್ತು. ಉಳಿದರ್ಧ ಮಕ್ಕಳಿಗೆ ಪರದೆಯೇ ಇರಲಿಲ್ಲ. ಬೇನೆ ಹೋಗಲಿಲ್ಲ, ಶಾಲೆ ತೆರೆಯಲಿಲ್ಲ. ಆಗ ಮನೆಗೊಂದು ಪಾಠದ ಡಬ್ಬಿ ಬಂತು. ಅಂಗೈಯಗಲದ್ದು, ಚಿತ್ರವಿಲ್ಲ, ಬರೀ ದನಿ. ಟೀಚರ್ ಹೇಳಿದ್ದು ಕೇಳಿಸುತ್ತದೆ. ಗುಂಡಿ ಒತ್ತಿ ಮಾತಾಡಿದರೆ ಮಗುವಿನ ಉತ್ತರ ಟೀಚರಿಗೂ, ತರಗತಿಯ ಉಳಿದ ಮಕ್ಕಳಿಗೂ ಮುಟ್ಟುತ್ತದೆ. ಎಂಥ ಸೊರಗಿದ ನೆಟ್‌ವರ್ಕಿನಲ್ಲೂ ಅದು ನಡೆಯುತ್ತಿತ್ತು.

ಆದರೆ ಇಷ್ಟೆಲ್ಲ ಮನೆಗಳ ಕುಕ್ಕರು, ನಾಯಿ, ಟೀವಿ, ಅತ್ತೆ ಸೊಸೆಯರ ಜಗಳ ಎಲ್ಲ ಒಂದೇ ತರಗತಿಗೆ ಬಂದು ಬಿದ್ದರೆ ಪಾಠ ಎಲ್ಲಿಯದು? ಅದಕ್ಕೇ ಜರಡಿ. ಅದು ತಂತಿಯದಲ್ಲ, ಲೆಕ್ಕಾಚಾರದ್ದು. ಡಬ್ಬಿ ಪಾಠದುದ್ದಕ್ಕೂ ಮನೆಯನ್ನು ಕೇಳುತ್ತಲೇ ಇರುತ್ತದೆ, ಗುಂಡಿ ಒತ್ತದೆ ಆಡಿದ್ದನ್ನು ಜರಡಿಯೇ ತಡೆಯುತ್ತದೆ. ಪ್ರತಿಯೊಂದು ಮನೆಯನ್ನೂ ಕೆಲವು ವಾರ ಕೇಳಿ ಕಲಿಯುತ್ತದೆ. ಒಂದೇ ಗತಿಯಲ್ಲಿ ಮತ್ತೆ ಮತ್ತೆ ಬರುವುದು ಮನೆಯ ಸಪ್ಪಳ, ಅದನ್ನು ಚೆಲ್ಲುತ್ತದೆ. ಗತಿಯಿಲ್ಲದೆ ಏರಿಳಿದು ಬರುವುದು ಮನುಷ್ಯರ ಮಾತು, ಅದನ್ನು ಮುಂದಕ್ಕೆ ಬಿಡುತ್ತದೆ. ಚೆಲ್ಲಿದ್ದು ಸಂಜೆಯವರೆಗೆ ಯಂತ್ರದ ಒಂದು ಮೂಲೆಯಲ್ಲಿದ್ದು ಆಮೇಲೆ ಅಳಿದುಹೋಗುತ್ತದೆ. ಅದಕ್ಕೆ ಕಚೇರಿಯಲ್ಲಿ 'ಕಸ' ಎಂದೇ ಹೆಸರು. ಕಸವನ್ನು ಯಾರೂ ಕೇಳುವಂತಿಲ್ಲ. ಜನರ ಮನೆಯ ಗುಟ್ಟು ಅದರಲ್ಲಿರುತ್ತದೆ ಎಂದು ನಿಯಮ.

ತಾಯಿ ತಂದೆಯರ ದೂರು ಬಂದಾಗ ಉತ್ತರ ಕೊಡುವುದು ಕಸ್ತೂರಿಯ ಪಾಲಿನ ಕೆಲಸ. "ನಮ್ಮ ಹುಡುಗ ಉತ್ತರ ಹೇಳ್ಯಾನ್ರೀ, ನಿಮ್ಮ ಡಬ್ಬಿನ ಕೆಟ್ಟೈತಿ" ಎನ್ನುತ್ತಿದ್ದರು ಅವರು. "ಡಬ್ಬಿ ಸರಿ ಐತ್ರಿ. ಹುಡುಗನ್ನ ವಿಚಾರಿಸ್ರಿ" ಎನ್ನುತ್ತಿದ್ದಳು ಇವಳು. ಮಕ್ಕಳ ಉಪಾಯವೂ ಅವಳಿಗೆ ಪಾಠವಾಗಿತ್ತು: ಗುಂಡಿ ಒತ್ತದೆಯೇ ದೊಡ್ಡ ದನಿಯಲ್ಲಿ ಓದಿ ಹೆತ್ತವರನ್ನು ನಂಬಿಸುವುದು.

ಹಾಗಾಗಿ ಮಗಳ ಮೇಲೆ ದೂರು ಬಂದಾಗ ಅವಳಿಗೆ ಅನುಮಾನವೇ ಹುಟ್ಟಲಿಲ್ಲ.

"ಹೊಂಬಳ ಟೀಚರ್ ಕೇಳಿದ ಪ್ರಶ್ನೆಗೆ ಒಂದಕ್ಕೂ ಉತ್ತರಾ ಇಲ್ಲಂತ. ಯಾಕವಾ? ನಾಲಿಗಿ ಅಡಾ ಇಟ್ಟೀಯೇನು?" ಬೆಟಗೇರಿಯ ಮನೆಗೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಕೇಳಿದಳು.

ಮನೆಯ ಪಡಸಾಲೆಯಲ್ಲಿ ಗಂಡ ತಿಪ್ಪಣ್ಣನ ಮಗ್ಗಗಳು ಓಡುತ್ತಿದ್ದವು. ವಿದ್ಯುತ್ ಮಗ್ಗದ ಮನೆಯಲ್ಲಿ ಯಾರೂ ಸಪ್ಪಳದ ಮೇಲೆ ಕೂಗುವುದಿಲ್ಲ, ಕೂಗಿದರೆ ಗಂಟಲು ಹರಿಯುತ್ತದೆಯೇ ಹೊರತು ಕೇಳಿಸುವುದಿಲ್ಲ. ಲಾಳಿ ಅತ್ತ ಬಡಿದು ಇತ್ತ ಬಡಿಯುವ ನಡುವೆ ಚೂರು ಬಿಡುವು ಸಿಗುತ್ತದಲ್ಲ, ಆ ಸಂದಿಯಲ್ಲಿ ಮಾತನ್ನು ತುಂಡು ತುಂಡು ಮಾಡಿ ತೂರಿಸುತ್ತಾರೆ. ಆ ಓಣಿಯ ಕೂಸುಗಳು ತೊದಲುವುದೇ ಹಾಗೆ. ಅವರಿಗೆ ಅದು ಗೊತ್ತೂ ಇರುವುದಿಲ್ಲ, ನಮ್ಮ ಉಸಿರಾಟ ನಮಗೆ ಗೊತ್ತಿಲ್ಲದ ಹಾಗೆ.

"ನಾ ಹೇಳೀನಿ," ಎಂದಳು ಬನಶ್ರೀ. ಎಂಟನೆಯ ತರಗತಿಯ ಹುಡುಗಿ, ಓಣಿಯಲ್ಲಿ ಬಾಯಿಬಡಕಿ ಎಂದೇ ಹೆಸರು ಮಾಡಿದವಳು. "ಎಲ್ಲಾದಕ್ಕೂ ಹೇಳೀನಿ."

"ಗುಂಡಿ ಒತ್ತಿದ್ದೇನು?"

"ಒತ್ತಿದ್ದೆ."

"ಸುಳ್ಳ ಹೇಳಬ್ಯಾಡ. ದಿನಾ ನಿನ್ನಂಥಾವ್ರನ್ನ ನೋಡ್ತೇನಿ ನಾ."

"ಆಕಿ ಮಾತಾಡೂದು ನಾನೂ ಕೇಳೀನಲ್ಲೇ," ಎಂದು ತಿಪ್ಪಣ್ಣ ಮಗ್ಗದ ಮರೆಯಿಂದ ಕತ್ತು ಚಾಚಿದ. "ಒಳಗ ಬಾಗಲಾ ಹಾಕ್ಕೊಂಡು ವಟವಟಾ ಅಂತಿತ್ತು."

"ನಿಮಗೇನ್ ತಿಳೀತೈತ್ರಿ, ಅದು ಪಾಠನೋ ಪದಾನೋ? ನಿಮ್ಮನ್ನ ಮಳ್ಳ ಮಾಡಾಕ ಅನ್ನಕೋತ ಕುಂತಿರತಾಳ."

ಬನಶ್ರೀ ತಾಯಿಗೆ ಎಂದು ಒಲೆಯ ಮೇಲೆ ಇಟ್ಟಿದ್ದ ಚಹಾವನ್ನು ಇಳಿಸಿ, ಅಲ್ಲೇ ಬಿಟ್ಟು ಒಳಗೆ ಹೋದಳು.

ಹುಡುಗಾಟದ ಸಂಗತಿಯಾಗಿದ್ದರೆ ಕಸ್ತೂರಿ ಅಷ್ಟು ಉರಿಯುತ್ತಿರಲಿಲ್ಲ. ಸೋಮವಾರ ಮೌಖಿಕ ಪರೀಕ್ಷೆ. ಅವತ್ತೂ ದನಿ ಬರದಿದ್ದರೆ ಮಗುವನ್ನು 'ಕೇಳುವ ಸಾಲಿಗೆ' ಹಾಕುತ್ತಾರೆ. ಪಾಠ ಕೇಳಿಸುತ್ತಿರುತ್ತದೆ, ಆದರೆ ಆ ಮಗು ಏನು ಹೇಳಿದರೂ ಮುಂದಕ್ಕೆ ಹೋಗುವುದಿಲ್ಲ. ಪ್ರಶ್ನೆಯಿಲ್ಲ, ಪರೀಕ್ಷೆಯಿಲ್ಲ, ಒಂಬತ್ತನೆಯ ತರಗತಿಯಿಲ್ಲ. ಲೂಮಿನ ಓಣಿಯ ಉಳಿದ ಮಕ್ಕಳೆಲ್ಲ ಆಗಲೇ ಆ ಸಾಲಿಗೆ ಹೋಗಿ ಬಿದ್ದಿದ್ದರು. "ನೇಕಾರರ ಹುಡುಗರು ಮಂದ" ಎಂದು ಪೇಟೆಯವರು ಆಡಿಕೊಂಡರು. ಓಣಿಯವರೂ, ನಮ್ಮ ಹಣೆಬರಹ ಎಂದು ಲಾಳಿಯ ಕಂಡಿಕೆಗೆ ನೂಲು ಸುತ್ತುವುದಕ್ಕೆ ಮಕ್ಕಳನ್ನು ಕೂರಿಸಿಕೊಂಡರು. ಡಬ್ಬಿ ತಡವಾಗಿ ಬಂದಿದ್ದರಿಂದ ಉಳಿದವಳು ಬನಶ್ರೀ ಒಬ್ಬಳೇ.

ಅವಳೂ ಉಳಿಯಬಾರದು ಎಂದು ತಾಯಿ ತಂದೆಯರ ವಾಟ್ಸಾಪ್ ಗುಂಪಿನಲ್ಲಿ ಗದ್ದಲ ನಡೆದಿತ್ತು. ಅದರ ಮುಂದಾಳು ಬಟ್ಟೆ ಅಂಗಡಿಯ ಲಕ್ಕುಂಡಿ ಮೇಡಂ. 'ಒಬ್ಬಾಕಿ ಸಲುವಾಗಿ ಎಲ್ಲಾ ಮಕ್ಕಳು ಕಾಯಬೇಕೇನು? ಟೀಚರ್ ಆಕಿ ಹೆಸರು ಕರೀತಾರ, ಸುಮ್ಮನಿರತಾರ, ಮತ್ತ ಕರೀತಾರ. ನಮ್ಮ ಪ್ರಣವನ ಟೈಮು ಹಾಳಾಗಾಕತ್ತೈತಿ. ಲೂಮ್ ಬಂದ್ ಮಾಡ್ರಿ, ಇಲ್ಲಾ ಹುಡುಗಿನ್ನ ತಗೀರಿ' ಎಂದು ದನಿ ಸಂದೇಶ ಹಾಕಿದ್ದಳು. ಅದರ ಕೆಳಗೆ ಹೆಬ್ಬೆರಳುಗಳ ಸಾಲು. ಪ್ರಣವ ತರಗತಿಯಲ್ಲೇ "ಮೂಕಿ ಬಂದ್ಲು, ಮೂಕಿ ಬಂದ್ಲು" ಎಂದು ಅಣಕಿಸುತ್ತಿದ್ದ. ಆ ಮಾತನ್ನು ಮಾತ್ರ ಜರಡಿ ಸೋಸದೆ ಚೊಕ್ಕಟವಾಗಿ ಬಿಡುತ್ತಿತ್ತು.

ತಿಪ್ಪಣ್ಣ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮನೆ ಮನೆಯ ಕಟ್ಟೆಯ ಕೆಳಗೆ ನಿಂತು ಕೈ ಮುಗಿದ. "ನಾಳೆ ಮಧ್ಯಾಹ್ನ ಪಾಠ ಮುಗಿಯೂ ಮಟಾ ಮಗ್ಗ ನಿಲ್ಲಿಸ್ರೆಪಾ. ಇಡೀ ಓಣಿ ಸುಮ್ಮಾದ್ರ ಕೂಸಿನ ದನಿ ಹೋದೀತು." ಎದುರು ಮನೆಯ ಸಾವಂತ್ರೆವ್ವ ಗೊಣಗಿದಳು. ಅವಳ ಮೊಮ್ಮಗ ವಿನಾಯಕ ಕೇಳುವ ಸಾಲಿಗೆ ಹೋದಾಗ ಯಾರೂ ಮಗ್ಗ ನಿಲ್ಲಿಸಿರಲಿಲ್ಲ. ಆದರೂ ಮರುದಿನ ಎಲ್ಲರಿಗಿಂತ ಮೊದಲು ಸ್ವಿಚ್ಚು ತೆಗೆದವಳು ಅವಳೇ. ಸೀರೆಯ ಗಡುವು ತಲೆಯ ಮೇಲಿದ್ದವರೂ ತೆಗೆದರು. ಓಣಿಯಲ್ಲಿ ಎಂದೂ ಇಲ್ಲದ ನಿಶ್ಶಬ್ದ. ಗುಬ್ಬಿಗಳು ತಂತಿಯಿಂದ ಇಳಿದು ಕಟ್ಟೆಯ ಮೇಲೆ ಕೂತವು.

ಅವತ್ತೂ ಜರಡಿ ಹೇಳಿತು: ಬನಶ್ರೀ, ಮೌನ.

ಸಾವಂತ್ರೆವ್ವ ಬಾಗಿಲಿಗೆ ಬಂದು ನಿಂತಳು. "ಏನ ತಿಪ್ಪಣ್ಣ, ನಿನ್ನ ಮಗಳು ನಮ್ಮನ್ನ ಕುಣಸ್ತಾಳೇನು? ಇಡೀ ಓಣಿ ಕೈ ಕಟ್ಕೊಂಡು ಕುಂತೈತಿ, ಈಕಿ ಒಳಗ ತುಟಿ ಹೊಲಕೊಂಡು ಕುಂತಾಳ! ಇನ್ನ ಆಕಿ ಪರೀಕ್ಷಾ ಅಂದ್ರ ನನ್ನ ಮಗ್ಗಾ ಎರಡ ಪಟ್ಟು ಓಡಸ್ತೇನಿ, ನೋಡ್ಕೊ."

ಮಗಳ ದನಿ ಬಾಗಿಲ ಸಂದಿಯಿಂದ ತಿಪ್ಪಣ್ಣನ ಕಿವಿಗೆ ಬಿದ್ದಿತ್ತು. ಆದರೆ ಹೆಂಡತಿಯ ಕಚೇರಿ ಬಿದ್ದಿಲ್ಲ ಎನ್ನುತ್ತಿತ್ತು. ಸಂಜೆ ಕಸ್ತೂರಿ ಬಂದು ಸುದ್ದಿ ಕೇಳಿ ಮಗಳ ರಟ್ಟೆ ಹಿಡಿದು ಎಳೆದಳು. ಹೊಡೆದಳು ಕೂಡ. ಬನಶ್ರೀ ಅಳಲಿಲ್ಲ. ಅವತ್ತಿನಿಂದ ಮನೆಯವರೊಡನೆ ಮಾತು ಬಿಟ್ಟಳು. ತಾಟು ತೊಳೆದಿಟ್ಟಳು, ಕಂಡಿಕೆ ಸುತ್ತಿದಳು, ಕರೆದರೆ ಬಂದು ನಿಂತಳು. ತುಟಿ ಎರಡು ಮಾಡಲಿಲ್ಲ. "ನೋಡ್ರಿ, ಇದ ಹಟಾ," ಎಂದಳು ಕಸ್ತೂರಿ ಗಂಡನಿಗೆ. ಹೇಳುವಾಗ ಅವಳ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಶುಕ್ರವಾರ ಕಚೇರಿಯಲ್ಲಿ ಅವಳ ಕೈ ಕೆಲಸದ ಮೇಲೆ ನಿಲ್ಲಲಿಲ್ಲ. ಯಾರಿಗೂ ತಮ್ಮದೇ ಓಣಿಯ ತರಗತಿಯ ಯಂತ್ರ ಸಿಗದಂತೆ ಹಂಚಿರುತ್ತಿದ್ದರು. ಬೆಟಗೇರಿಯದು ಪಕ್ಕದ ಮೇಜಿನ ಶಂಶಾದಳ ಕೈಯಲ್ಲಿತ್ತು. ಮಧ್ಯಾಹ್ನ ಶಂಶಾದ್ ಇವಳ ಮುಖ ನೋಡಿದಳು, ಬಿಚ್ಚದೆ ಇಟ್ಟ ಬುತ್ತಿ ನೋಡಿದಳು.

"ಉಣ್ಣಲಿಲ್ಲಲ್ಲೇ ಅಕ್ಕಾ?"

"ಹಸಿವಿಲ್ಲ."

"ನಿನ್ನ ಮಗಳ ಕ್ಲಾಸು ಈಗ ಮುಗೀತು ನೋಡು. ಇವತ್ತೂ ಮೌನ ಅಂತನ ಬಂತು." ಶಂಶಾದ್ ಸುತ್ತ ಕಣ್ಣಾಡಿಸಿ ಮೇಲೆದ್ದಳು. "ನಾ ಚಾ ಕುಡದ ಬರ್ತೇನಿ. ಯಂತ್ರಾ ತಗದಿಟ್ಟೇನಿ, ಬಂದ್ ಮಾಡಾಕ ಮರತೇನಂತ ತಿಳಕೊ. ಇವತ್ತಿಂದು ಕಸಾ ಇನ್ನೂ ಹೋಗಿಲ್ಲ." ತನ್ನ ಹೆಡ್‌ಫೋನನ್ನು ಸೆರಗಿನಿಂದ ಒರೆಸಿ ಇವಳ ಮಡಿಲಲ್ಲಿಟ್ಟು ಹೋದಳು.

ಕಸ್ತೂರಿ ಕಸವನ್ನು ತೆರೆದಳು.

ಮೊದಲು ಕೇಳಿಸಿದ್ದು ಮಗ್ಗ. ತನ್ನದೇ ಮನೆಯ ಮಗ್ಗ. ಗುಂಡಿ ಒತ್ತಿದ ಟಕ್ ಎಂಬ ಸಪ್ಪಳ. ಆಮೇಲೆ ಲಾಳಿಯ ಬಡಿತಗಳ ಸಂದಿಯಲ್ಲಿ, ಹೂ ಪೋಣಿಸಿದ ಹಾಗೆ, ಮಗಳ ದನಿ. ಪ್ರಶ್ನೆಗೊಂದು ಉತ್ತರ, ತಪ್ಪಿಲ್ಲದ್ದು. ಮತ್ತೆ ಪ್ರಶ್ನೆ, ಮತ್ತೆ ಉತ್ತರ. ಟೀಚರ್ ಹೆಸರು ಕರೆಯುತ್ತಾರೆ. "ಹೇಳೇನ್ರಿ ಟೀಚರ್," ಎನ್ನುತ್ತದೆ ಮಗು. ಟೀಚರ್ ಮತ್ತೆ ಕರೆಯುತ್ತಾರೆ. "ಇಲ್ಲೇ ಅದೇನ್ರಿ, ಇಲ್ಲೇ ಅದೇನ್ರಿ." ಹುಡುಗರು ನಗುತ್ತಾರೆ. ಕೊನೆಗೆ, ಟೀಚರಿಗಲ್ಲ, ಡಬ್ಬಿಗೆ ಬಾಯಿ ಹಚ್ಚಿ ಮೆಲ್ಲಗೆ: "ಅವ್ವಾ, ನೀ ಅಲ್ಲೆ ಇದ್ದೀ ಅಲ್ಲಾ. ನೀನರ ಕೇಳು."

ಕಸ್ತೂರಿ ಹೆಡ್‌ಫೋನ್ ತೆಗೆದಳು.

ಅವಳಿಗೆ ಎಲ್ಲ ಸ್ಪಷ್ಟವಾಯಿತು. ಮಗಳು ಮಗ್ಗದ ಗತಿಯಲ್ಲೇ ಮಾತಾಡುತ್ತಾಳೆ. ಜರಡಿ ಆ ಗತಿಯನ್ನೇ ಮನೆಯ ಸಪ್ಪಳವೆಂದು ಕಲಿತಿದೆ. ಮಗ್ಗ ನಿಲ್ಲಿಸಿದ ದಿನವೂ ಅವಳ ನಾಲಿಗೆಯಲ್ಲಿ ಮಗ್ಗ ಓಡುತ್ತಲೇ ಇತ್ತು.

ಮೇಲ್ವಿಚಾರಕ ನವಲಗುಂದ ಸಾಹೇಬರ ಕೋಣೆಗೆ ಹೋಗಿ ಹೇಳಿದಳು. ಅವರು ಕನ್ನಡಕ ತೆಗೆಯದೆ ಕೇಳಿದರು. "ಕಸಾ ಯಾರು ತಗದ್ರು?"

"ನಾನ್ರೀ."

"ಅದಕ್ಕ ಕೆಲಸಾ ಹೋಗತೈತಿ, ಗೊತ್ತಲ್ಲ?"

"ಗೊತ್ತೈತ್ರಿ. ನನ್ನ ಮಗಳು ಮಾತಾಡ್ಯಾಳ್ರೀ ಸಾಹೇಬ್ರ. ನಮ್ಮ ಓಣಿ ಹುಡುಗ್ರೆಲ್ಲಾ ಹಿಂಗ ಮಾತಾಡಿರಬೇಕು. ಜರಡಿಗೆ ಹೊಸದಾಗಿ ಕಲಸ್ರಿ."

"ಒಂದ ಮನಿ ಕಲೀಲಿಕ್ಕೆ ಅದಕ್ಕ ವಾರಗಟ್ಟಲೆ ಬೇಕು. ಪರೀಕ್ಷಾ ಸೋಮವಾರ." ಅವರು ಮೊದಲ ಸಲ ತಲೆಯೆತ್ತಿದರು. "ಎಲ್ಲಾ ತಾಯಂದ್ರೂ ತಮ್ಮ ಮಗು ಮಾತಾಡೇತಿ ಅಂತನ ಅಂತಾರ. ಅವರಿಗೆ ನೀವು ದಿನಾ ಏನ್ ಉತ್ತರಾ ಕೊಡ್ತೀರಿ?"

ಕಸ್ತೂರಿಗೆ ತನ್ನ ಉತ್ತರ ಬಾಯಿಪಾಠವಿತ್ತು.

"ಇವತ್ತಿನ ತಪ್ಪನ್ನ ನಾ ನೋಡಿಲ್ಲ ಅಂತ ತಿಳೀರಿ. ಹೋಗ್ರಿ," ಎಂದರು ಸಾಹೇಬರು. ಅವರ ಮಟ್ಟಿಗೆ ಅದೂ ಒಂದು ಕರುಣೆಯೇ.

ಶನಿವಾರ, ಭಾನುವಾರ ಅವಳು ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಬೇರೆಯವರ ಮನೆಯಲ್ಲಿ ಕೂರಿಸೋಣವೆಂದರೆ ಬೇನೆಯ ಕಟ್ಟಳೆ: ಕೆಲಸಕ್ಕೆ ಹೋಗಬಹುದು, ಆದರೆ ಒಂದು ಮನೆಯವರು ಇನ್ನೊಂದು ಮನೆಯ ಹೊಸ್ತಿಲು ದಾಟುವಂತಿಲ್ಲ. ಇದ್ದ ಮನೆಯಲ್ಲೇ ಮಾತನ್ನು ತಿದ್ದಬೇಕು.

"ಬನಿ, ಗತಿ ಬಿಟ್ಟು ಮಾತಾಡವಾ. ಒಂದ ಶಬ್ದ ಎಳದು, ಒಂದ ಶಬ್ದ ಗಡಬಡ ಮಾಡಿ. ಡಬ್ಬಿ ನಿನ್ನ ಮಾತನ್ನ ಮಗ್ಗ ಅಂತ ತಿಳಕೊಂಡೈತಿ."

ಬನಶ್ರೀ ಕೆಲವು ದಿನಗಳ ಮೇಲೆ ಬಾಯಿ ಬಿಟ್ಟಳು. "ನಿನಗ್ಹೆಂಗ ಗೊತ್ತಾತು?"

"ಕಸಾ ತಗದು ಕೇಳಿದ್ನಿ. ನೀ ಎಲ್ಲಾ ಹೇಳೀದಿ. ನಂದ ತಪ್ಪಾತು."

"ಕೇಳಿದ ಮ್ಯಾಲೆ ನಂಬಿದಿ," ಎಂದಳು ಹುಡುಗಿ. "ಅಪ್ಪಗ ಯಾವ ಯಂತ್ರಾನೂ ಹೇಳಿರಲಿಲ್ಲ. ಅಂವ ನಂಬಿದ್ದಾ."

ಮಗ್ಗ ಬಡಿಯುತ್ತಿತ್ತು. ಕಸ್ತೂರಿ ಪುಸ್ತಕವನ್ನು ಮಗಳ ಮುಂದಿಟ್ಟು, "ಈಗ ಪರೀಕ್ಷಾ ನೋಡವಾ. ಗತಿ ಬಿಟ್ಟು ಹೇಳು, ಕಲಿ" ಎಂದಳು.

"ನೀ ಹೇಳಿ ತೋರ್ಸು."

ಕಸ್ತೂರಿ ಪುಸ್ತಕ ಎತ್ತಿಕೊಂಡು ಓದಿದಳು. ಒಂದು ವಾಕ್ಯ, ಎರಡು ವಾಕ್ಯ. ಮಗಳು ನೆಲದ ಮೇಲೆ ಬೆರಳು ಬಡಿಯುತ್ತ ಕೂತಿದ್ದಳು. ತಾಯಿಯ ಒಂದೊಂದು ಮಾತೂ ಆ ಬೆರಳಿನ ಸಂದಿಯಲ್ಲೇ ಬೀಳುತ್ತಿತ್ತು. ಪುಸ್ತಕ ಇಟ್ಟು ಮತ್ತೆ ಪ್ರಯತ್ನಿಸಿದಳು. ಎಳೆದಳು, ತಡವರಿಸಿದಳು, ನಾಲಿಗೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಹಳೆಯ ದಾರಿಗೇ ಇಳಿಯಿತು.

"ನಿನಗ ಬರೂದಿಲ್ಲ, ನನಗ ಹೆಂಗ ಬರತೈತಿ?" ಎಂದಳು ಬನಶ್ರೀ. "ನಾ ಹಿಂಗ ಮಾತಾಡಾಕಿ. ನಿಮ್ಮ ಜರಡೀನ ನೆಟ್ಟಗ ಮಾಡ್ಕೊಳ್ರಿ." ಎದ್ದು ಹೋಗಿ ಒಳಬಾಗಿಲು ಹಾಕಿಕೊಂಡಳು.

ಸೋಮವಾರ ಕಸ್ತೂರಿ ಕಚೇರಿಗೆ ಬಂದಾಗ ಬೆಟಗೇರಿಯ ಪರೀಕ್ಷೆ ಶುರುವಾಗಿತ್ತು. ಶಂಶಾದಳ ಯಂತ್ರದಲ್ಲಿ ಒಂದೊಂದೇ ಹೆಸರು ಮುಂದೆ ಹೋಗುತ್ತಿತ್ತು. ಪ್ರಣವ ಲಕ್ಕುಂಡಿ ಗಿಳಿಯಂತೆ ಒಪ್ಪಿಸಿದ. ಮುಂದಿನ ಹೆಸರು ಬರುವ ಹೊತ್ತಿಗೆ ಕಸ್ತೂರಿ ಶಂಶಾದಳ ಕುರ್ಚಿಯ ಪಕ್ಕದಲ್ಲಿದ್ದಳು.

"ನೀ ಏಳು," ಎಂದಳು.

"ಅಕ್ಕಾ, ಏನ್ ಮಾಡ್ತಿ?"

"ನೀ ಇಲ್ಲಿ ಇರಬ್ಯಾಡ. ನೀರು ಕುಡ್ಯಾಕ ಹೋಗಿದ್ದಿ."

ಶಂಶಾದ್ ಎದ್ದು ನೀರಿನ ಕೊಡದ ಕಡೆಗಲ್ಲ, ಸಾಹೇಬರ ಕೋಣೆಯ ಕಡೆಗೆ ಹೋದಳು. ಹೇಳಿಬಿಡುತ್ತಾಳೆ ಎಂದುಕೊಂಡಳು ಕಸ್ತೂರಿ. ಆದರೆ ಆ ಪುಣ್ಯಾತಗಿತ್ತಿ ಬಾಗಿಲಿಗೆ ಅಡ್ಡ ನಿಂತು, ತನ್ನ ರಜೆಯ ವಿಷಯ ತೆಗೆದು, ಸಾಹೇಬರೊಂದಿಗೆ ಜೋರು ಜೋರಾಗಿ ಜಗಳಕ್ಕೆ ಬಿದ್ದಳು.

"ಬನಶ್ರೀ," ಎಂದರು ಹೊಂಬಳ ಟೀಚರ್, ಆಸೆ ಬಿಟ್ಟ ದನಿಯಲ್ಲಿ. "ದೇಹದೊಳಗ ರಕ್ತ ಹೆಂಗ ಸುತ್ತತೈತಿ, ಹೇಳು."

ಕಸ್ತೂರಿ ಇಡೀ ತರಗತಿಯ ಜರಡಿಯನ್ನು ತೆಗೆದುಬಿಟ್ಟಳು.

ಒಮ್ಮೆಲೆ ಬೆಟಗೇರಿಯೇ ಡಬ್ಬಿಗಳೊಳಗೆ ನುಗ್ಗಿತು. ಮಗ್ಗ, ಮಿಕ್ಸರು, ಗಿರಣಿ, ಕುಂಯ್ಗುಡುವ ನಾಯಿಮರಿ, ಯಾರದೋ ಮನೆಯ ಹಾಳು ಫ್ಯಾನು. ಹುಡುಗರು ಹೆದರಿ "ಏ, ಏನದು?" ಎಂದು ಕಿರುಚಿದರು. ಅದೆಲ್ಲದರ ನಡುವಿನಿಂದ ಒಂದು ದನಿ ನೆಟ್ಟಗೆ ನಡೆದುಬಂತು.

"ರಕ್ತ ಮೈಯೆಲ್ಲಾ ತಿರುಗಿ ಬಲ ಹೃತ್ಕರ್ಣಕ್ಕ ಬರತೈತ್ರಿ. ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳೀತೈತ್ರಿ. ಹೃತ್ಕುಕ್ಷಿ ಒತ್ತಿದ ಕೂಡ್ಲೆ ಶ್ವಾಸಕೋಶಕ್ಕ ಹೋಗತೈತ್ರಿ..."

"ಯಾರದು? ಬನಶ್ರೀ ಏನು? ಯವ್ವಾ, ಕೇಳಸಾಕತ್ತೈತಿ!" ಎಂದರು ಟೀಚರ್.

ಆಗ ಯಾರೂ ಎಣಿಸದ ಇನ್ನೊಂದು ಸಂಗತಿ ನಡೆಯಿತು. ಜರಡಿಯ ಜೊತೆಗೆ ಕೇಳುವ ಸಾಲಿನ ಕದವೂ ತೆರೆದಿತ್ತು. ಆ ಸಾಲಿನ ಮಕ್ಕಳು ಮಾತು ಬಿಟ್ಟಿರಲೇ ಇಲ್ಲ. ಯಾರಿಗೂ ಮುಟ್ಟುವುದಿಲ್ಲವೆಂದು ಗೊತ್ತಿದ್ದೂ, ಪ್ರಶ್ನೆ ಕೇಳಿದಾಗಲೆಲ್ಲ ಗುಂಡಿ ಒತ್ತಿ ತಮ್ಮ ತಮ್ಮ ಮನೆಯಲ್ಲಿ ಉತ್ತರ ಹೇಳುತ್ತಲೇ ಬಂದಿದ್ದರು. "ಶ್ವಾಸಕೋಶಕ್ರೀ! ಟೀಚರ್, ಶ್ವಾಸಕೋಶಕ್ಕ!" ಎಂದು ಸಾವಂತ್ರೆವ್ವನ ಮೊಮ್ಮಗ ವಿನಾಯಕ ಕೂಗಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬಳು. ಹೊಂಬಳ ಟೀಚರಿಗೆ ದನಿಗಳ ಗುರುತು ಹತ್ತಿತು. ಅವರು ಕಾರಣ ಕೇಳುತ್ತ ಕೂರಲಿಲ್ಲ. ಗಡಬಡಿಸಿ ಒಬ್ಬೊಬ್ಬರ ಹೆಸರು ಹಿಡಿದು ಕರೆದರು, ಓಗೊಟ್ಟವರಿಗೆಲ್ಲ "ಹಾಜರ್, ಹಾಜರ್" ಎನ್ನುತ್ತ ಹೋದರು.

ಮಗ್ಗದ ಗದ್ದಲದ ಕೆಳಗೆ ಇನ್ನೊಂದು ದನಿಯೂ ಇತ್ತು. ಮುದುಕಿಯದು. "ಕದಾ ತಗೀರೆ... ಕದಾ ತಗೀರೆ... ಕದಾ ತಗೀರೆ..." ಏರದೆ, ಇಳಿಯದೆ, ಒಂದೇ ಗತಿ. ಜರಡಿ ಅದನ್ನೂ ಇಷ್ಟು ದಿನ ಮನೆಯ ಸಪ್ಪಳವೆಂದು ಚೆಲ್ಲಿತ್ತು. ಲಕ್ಕುಂಡಿಯವರ ಡಬ್ಬಿಯಿಂದ ಬರುತ್ತಿತ್ತು. ಯಂತ್ರ ಅದನ್ನು ತೋರಿಸಿತು. "ಅಮ್ಮಾ, ಅಜ್ಜಿ ದನಿ ಎಲ್ಲಾರಿಗೂ ಕೇಳಸಾಕತ್ತೈತಿ," ಎಂದು ಪ್ರಣವ ಅಳು ದನಿಯಲ್ಲಿ ಅನ್ನುವುದೂ, ಅವನ ತಾಯಿ ಓಡಿಬರುವ ಬಳೆ ಸದ್ದೂ, ಡಬ್ಬಿ ಬಂದಾದದ್ದೂ ಕೇಳಿಸಿತು. ಕದ ಹಾಕಿ ಇಟ್ಟ ಮುದುಕಿಯ ಈ ಕೂಗನ್ನು ದಿನವಿಡೀ ಕೇಳುವ ಆ ಹೆಂಗಸು, ಊರಾದರೂ ನಿಶ್ಶಬ್ದವಾಗಲಿ ಎಂದು ಒದ್ದಾಡುತ್ತಿದ್ದಳೇನೋ ಎನ್ನಿಸಿತು ಕಸ್ತೂರಿಗೆ.

ಅಷ್ಟರಲ್ಲಿ ಸಾಹೇಬರ ಕೈ ಅವಳ ಭುಜದ ಮೇಲಿನಿಂದ ಬಂದು ಜರಡಿಯನ್ನು ಹಾಕಿತು. ಎಲ್ಲ ಸುಮ್ಮನಾಯಿತು.

"ಯಾರ್ ಮಾಡಿದ್ದು ಇದನ್ನ?"

"ನಾನ್ರೀ," ಎಂದಳು ಕಸ್ತೂರಿ. "ಶಂಶಾದ್ ಇಲ್ಲಿರಲಿಲ್ಲ."

ಗುರುತಿನ ಬಿಲ್ಲೆ ಕೊಟ್ಟು ಹೊರಬಿದ್ದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಶಂಶಾದ್ ಗೇಟಿನವರೆಗೆ ಬಂದು, ಅವಳು ಮರೆತ ಬುತ್ತಿಯನ್ನು ಕೈಗೆ ಕೊಟ್ಟು, "ಟೀಚರ್ ಫೋನ್ ಮಾಡಿದ್ರು. ಹುಡುಗಿ ಪಾಸಂತ ಬರಕೊಂಡಾರ. ಬಾಕಿ ಹುಡುಗ್ರ ಸಲುವಾಗಿ ಸಾಹೇಬ್ರ ಜೋಡಿ ವಾದಾ ನಡಸ್ಯಾರ" ಎಂದಳು. "ದನಿ ಕೇಳೇನಿ ಅಂದಮ್ಯಾಲೆ ಮೌನ ಅಂತ ಹೆಂಗ ಬರೀಲಿ ಅನ್ನಾಕತ್ತಾರ."

ಓಣಿಯ ಬಾಯಲ್ಲಿ ಸಾವಂತ್ರೆವ್ವ ನಿಂತಿದ್ದಳು. ಕಸ್ತೂರಿಯನ್ನು ಕಂಡು ದಾರಿಗೆ ಅಡ್ಡಲಾಗಿ ಒಣಹಾಕಿದ್ದ ನೂಲಿನ ಲಡಿಗಳನ್ನು ಎತ್ತಿ ಹಿಡಿದು ಅವಳಿಗೆ ಹಾದಿ ಬಿಟ್ಟಳು.

ಮನೆಯಲ್ಲಿ ಮಗ್ಗಗಳು ಓಡುತ್ತಿದ್ದವು. ತಿಪ್ಪಣ್ಣ ನೋಡಿ, ಸುದ್ದಿ ಮುಟ್ಟಿದೆ ಎಂಬಂತೆ ತಲೆಯಾಡಿಸಿದ. ಬನಶ್ರೀ ಕಂಬಕ್ಕೆ ಒರಗಿ ನಿಂತಿದ್ದಳು. ಮುಖದ ಬಿಗಿ ಹೋಗಿರಲಿಲ್ಲ.

"ಕೆಲಸಾ ಹೋತಂತಲ್ಲ?"

"ಹೋತು."

"ನಾ ಹೇಳಿದ್ದು ಪೂರ್ತಿ ಕೇಳಿಸ್ತೇನು?"

"ಶ್ವಾಸಕೋಶದ ಮಟಾ ಕೇಳಿಸ್ತು. ಆಮ್ಯಾಲೆ ಬಂದ್ ಮಾಡಿದ್ರು."

"ಇನ್ನೂ ಅರ್ಧಾ ಇತ್ತು," ಎಂದಳು ಹುಡುಗಿ, ತಾಯಿಯೇ ಬಂದ್ ಮಾಡಿದಳೇನೋ ಎಂಬಷ್ಟು ಸಿಟ್ಟಿನಿಂದ.

ಕಸ್ತೂರಿ ಮಗ್ಗದ ಪಕ್ಕದಲ್ಲೇ, ನೂಲಿನ ಧೂಳು ಬಿದ್ದ ನೆಲದ ಮೇಲೆ, ಕೂತಳು. "ಹೇಳು."

ಬನಶ್ರೀ ಕೂರಲಿಲ್ಲ, ಹತ್ತಿರವೂ ಬರಲಿಲ್ಲ. ನಿಂತಲ್ಲಿಂದಲೇ, ಲಾಳಿಯ ಬಡಿತಗಳ ಸಂದಿಯಲ್ಲಿ ಶುರು ಮಾಡಿದಳು. "ಶ್ವಾಸಕೋಶದೊಳಗ ಹೊಸಾ ಗಾಳಿ ತಗೊಂಡು, ರಕ್ತ ಮತ್ತ ಹೃದಯಕ್ಕ ಬರತೈತಿ. ಈ ಸಲಾ ಎಡಗಡೆಗೆ..."